ಬೀಗದೊಳಗಿನ ಪಂಪ್

ಮಕ್ಕಳೇ, ನನ್ನ ಮೊಮ್ಮಗಳಿಗೆ ಆಸ್ತಮಾ. ಆದರೂ ಓಟವೆಂದರೆ ಪ್ರಾಣ. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಪಿ.ಟಿ. ಪೀರಿಯಡ್ಡಿನಲ್ಲಿ 2 ಸುತ್ತು ಓಡುವಷ್ಟರಲ್ಲಿ ಎದೆ ಬಿಗಿದು ಸುಂಯ್ ಸುಂಯ್ ಶುರುವಾಯಿತು. ಅವಳ ನೀಲಿ ಇನ್‌ಹೇಲರ್ ಎಲ್ಲಿತ್ತು? ಆಫೀಸಿನ ಬೀರುವಿನಲ್ಲಿ, ಭದ್ರವಾಗಿ! ಬೀಗದಕೈ ಸಿಗಲು 10 ನಿಮಿಷ ಬೇಕಾಯಿತು.

ಸ್ಟ್ರಾಂಗ್ ರೂಮಿನಲ್ಲಿ ಎಷ್ಟು ಹಣವಿದ್ದರೇನು, ಕೌಂಟರಿನಲ್ಲಿ ಇಲ್ಲದಿದ್ದರೆ? ಬ್ಯಾಂಕಿನಲ್ಲಿ 35 ವರ್ಷ ಕೂತವನಿಗೆ ಇದು ಗೊತ್ತು.

ಮರುದಿನ ಡಾಕ್ಟರ ಚೀಟಿ ಹಿಡಿದು ಮೇಷ್ಟರ ಬಳಿ ಹೋದೆ. "ಇನ್ನು ಮೇಲೆ ಇವಳು ಕೂತು ನೋಡಲಿ ಸರ್" ಅಂದರು. ಮೊಮ್ಮಗಳ ಮುಖ ಬಾಡಿತು. "ಬೇಡಿ ಮೇಷ್ಟ್ರೇ, ಓಡಲಿ" ಅಂದೆ.

ಓಡುವಾಗ ಬಾಯಲ್ಲಿ ಉಸಿರೆಳೆಯುತ್ತೇವೆ. ತಣ್ಣನೆಯ ಒಣ ಗಾಳಿ ತಾಗಿ ಶ್ವಾಸನಾಳ ಬಿಗಿಯುತ್ತದೆ. ಅದಕ್ಕೇ ಡಾಕ್ಟರು ಹೇಳಿದಂತೆ, ಆಟಕ್ಕೆ 15 ನಿಮಿಷ ಮೊದಲೇ ಸ್ಪೇಸರ್ ಹಚ್ಚಿ ಪಂಪ್. ಮೊದಲು ನಡಿಗೆ, ಆಮೇಲೆ ಓಟ. ಉಬ್ಬಸ ಬಂದರೆ ನಿಂತುಬಿಡುವುದು, ನೆಟ್ಟಗೆ ಕೂರುವುದು, ಮಲಗಬಾರದು, ಕೂಡಲೇ ಪಂಪ್. ಅದಕ್ಕೂ ಬಗ್ಗದಿದ್ದರೆ, ಮಾತಾಡಲೂ ಆಗದಿದ್ದರೆ, 108. ಪಂಪ್ ಈಗ ಮೈದಾನದಲ್ಲೇ, ಮೇಷ್ಟರ ಸೀಟಿಯ ಜೊತೆ.

ಅಜ್ಜ ಅಜ್ಜಿಯರೇ, ಪಂಪಿನ ಮೇಲಿನ ತಾರೀಖು ತಿಂಗಳಿಗೊಮ್ಮೆ ನೋಡಿ. ಮಕ್ಕಳೇ, ಗೆಳತಿ ಪಂಪ್ ತೆಗೆದರೆ ನಗಬೇಡಿ. ನನಗೆ ಕನ್ನಡಕ ಹೇಗೋ ಅವಳಿಗೆ ಅದು ಹಾಗೆ.

ಮೊನ್ನೆ ರಿಲೇ ಓಟದಲ್ಲಿ ನಮ್ಮವಳದು ಮೂರನೇ ಸ್ಥಾನ. ಚಪ್ಪಾಳೆ ತಟ್ಟಿ ಉಸಿರು ಕಟ್ಟಿದ್ದು ಮಾತ್ರ ನನಗೆ!