ಹಳೆ ಕಾರು ಕಬ್ಬಿಣ, ಹೊಸ ಕಾರು ತಗಡು: ಈ ಮಾತು ಎಷ್ಟು ನಿಜ?

“ಅಂಬಾಸಿಡರ್ ಅಂದ್ರೆ ಕಬ್ಬಿಣ. ಈಗಿನ ಕಾರು ಬರೀ ತಗಡು, ಬೈಕ್ ತಾಗಿದ್ರೂ ನುಗ್ಗಾಗುತ್ತೆ.” ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಕಾರಿನ ವಿಷಯ ಬಂದಾಗಲೆಲ್ಲ ನಾವು ಈ ಮಾತು ಕೇಳುತ್ತೇವೆ. ನೋಡಲು ಹಾಗೇ ಕಾಣುತ್ತದೆ: ಹಳೆಯದರ ಬಂಪರ್ ಉಕ್ಕು, ಹೊಸದರದ್ದು ಪ್ಲಾಸ್ಟಿಕ್. ಆದರೆ ಕಾರು ಉಳಿಯುವುದು ಬೇರೆ, ಒಳಗಿದ್ದವರು ಉಳಿಯುವುದು ಬೇರೆ.

ನುಗ್ಗಾಗುವುದೇಕೆ?

ಬಂಡೆಯ ಮೇಲೆ ಬೀಳುವುದಕ್ಕೂ ಹುಲ್ಲಿನ ಬಣವೆಯ ಮೇಲೆ ಬೀಳುವುದಕ್ಕೂ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತು. ಬಣವೆ ಕುಸಿಯುತ್ತಾ ನಮ್ಮನ್ನು ನಿಧಾನವಾಗಿ ನಿಲ್ಲಿಸುತ್ತದೆ. ಹೊಸ ಕಾರಿನ ಮುಂಭಾಗದ ಕೆಲಸವೂ ಅದೇ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ದೇಹ 20 ಸೆಂ.ಮೀ. ದೂರದಲ್ಲಿ ನಿಂತರೆ ಅದರ ಮೇಲೆ ಬೀಳುವ ಸರಾಸರಿ ಬಲ ದೇಹದ ತೂಕದ ಸುಮಾರು 50 ಪಟ್ಟು. 60 ಸೆಂ.ಮೀ. ದೂರದಲ್ಲಿ ನಿಂತರೆ ಸುಮಾರು 16 ಪಟ್ಟು. ಹಾಗಾಗಿ ಮುಂಭಾಗ ಮಡಚಬೇಕು, ಜನ ಕೂರುವ ಭಾಗ ಮಾತ್ರ ಗಟ್ಟಿಯಾಗಿ ನಿಲ್ಲಬೇಕು.

ಪರೀಕ್ಷೆ ಏನು ಹೇಳಿತು?

2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಾಲಿಬು ಕಾರುಗಳನ್ನು ಎದುರುಬದುರು ಡಿಕ್ಕಿ ಹೊಡೆಸಿತು. ಎರಡರ ವೇಗವೂ ಗಂಟೆಗೆ ಸುಮಾರು 64 ಕಿ.ಮೀ. ಹಳೆ ಕಾರಿನಲ್ಲಿ ಜನ ಕೂರುವ ಭಾಗವೇ ಕುಸಿಯಿತು. ಅದರ ಚಾಲಕ ಬದುಕುತ್ತಿರಲಿಲ್ಲ. ಹೊಸದರ ಮುಂಭಾಗ ಜಜ್ಜಿಹೋದರೂ ಚಾಲಕನಿಗೆ ಹೆಚ್ಚೆಂದರೆ ಕಾಲಿಗೆ ಪೆಟ್ಟಾಗುತ್ತಿತ್ತು.

ನಮ್ಮ ಅಂಬಾಸಿಡರ್ ಕೂಡ 1950ರ ದಶಕದ ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಅದರ ಉತ್ಪಾದನೆ 2014ರವರೆಗೂ ನಡೆಯಿತು. ಹದಗೆಟ್ಟ ರಸ್ತೆಯನ್ನು ತಾಳಿಕೊಳ್ಳುವುದರಲ್ಲಿ, ರಿಪೇರಿ ಸುಲಭವಾಗಿರುವುದರಲ್ಲಿ ಅದು ಗಳಿಸಿದ ಹೆಸರು ಸುಳ್ಳಲ್ಲ. ಆ ಗಟ್ಟಿತನವನ್ನೇ ಸುರಕ್ಷತೆ ಎಂದುಕೊಂಡಿದ್ದು ನಮ್ಮ ತಪ್ಪು. ಇನ್ನು, 50 ವರ್ಷ ದಾಟಿ ‘ವಿಂಟೇಜ್’ ಎಂದು ನೋಂದಣಿಯಾದ ವಾಹನವನ್ನು 2021ರ ಕೇಂದ್ರ ನಿಯಮದ ಪ್ರಕಾರ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಹಾಗಾದರೆ ಹೊಸದೆಲ್ಲ ಸುರಕ್ಷಿತವೇ?

ಅಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸಿದ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳು ವಯಸ್ಕರ ಸುರಕ್ಷತೆಯಲ್ಲಿ ಪಡೆದದ್ದು ಸೊನ್ನೆ ಸ್ಟಾರ್. ಆಮೇಲೆ ನಿಯಮಗಳು ಬಿಗಿಯಾದವು. 2023ರ ಅಕ್ಟೋಬರ್‌ನಿಂದ ನಮ್ಮದೇ ‘ಭಾರತ್ ಎನ್‌ಕ್ಯಾಪ್’ ಬಂದಿದೆ. ಕೊಳ್ಳುವ ಮೊದಲು, ಬಂಪರ್ ತಟ್ಟಿ ನೋಡುವ ಬದಲು ಸ್ಟಾರ್ ಎಷ್ಟೆಂದು ಕೇಳಿ.

ಎಷ್ಟೇ ಸ್ಟಾರ್ ಇದ್ದರೂ ಬೆಲ್ಟ್ ಹಾಕದವರಿಗೆ ಅದರ ಪೂರ್ತಿ ಲಾಭ ಸಿಗದು. ಕಾರು ನಿಂತರೂ ಅವರ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತವರು ಮುಂದೆ ಕೂತವರ ಮೇಲೇ ಅಪ್ಪಳಿಸಬಹುದು. ಮಡಿಲಲ್ಲಿರುವ ಮಗುವನ್ನು ಆ ಹೊತ್ತಿನಲ್ಲಿ ಯಾವ ತೋಳೂ ಹಿಡಿದುಕೊಳ್ಳಲಾರದು. ಆದ್ದರಿಂದ ತಾಳ್ಯದಿಂದ ಬೆಂಗಳೂರಿಗೆ ಹೊರಟವರು ಬೆಲ್ಟ್ ಹಾಕಬೇಕಾದದ್ದು ಹಿರಿಯೂರಿನ ಹೆದ್ದಾರಿ ಸೇರಿದ ಮೇಲಲ್ಲ, ಮನೆ ಮುಂದೆಯೇ. ಹಿಂದಿನ ಸೀಟಿನವರೂ ಸೇರಿ.