ಬೀದಿಮಕ್ಕಳ ಸಿನಿಮಾಕ್ಕೆ ಹಣ ಕೊಡುವ ಮುನ್ನ

ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವರಿಗೆ,



ನಿಮ್ಮ ಇಲಾಖೆಯ ಸೂಚನಾ ಭವನ ಇರುವುದು ದೆಹಲಿಯ ಲೋಧಿ ರಸ್ತೆಯಲ್ಲಿ. ಪಕ್ಕದ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸ್ ಗೋಡೆಗಳ ಮೇಲೆ ಬರೆದ ದೊಡ್ಡ ಚಿತ್ರಗಳ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಇಲ್ಲಿನ ನಿವಾಸಿಯಾದ ನಾನು ಸಿಗ್ನಲ್‌ಗಳಲ್ಲಿ ಕಾರಿನ ಗಾಜು ತಟ್ಟುವ ಮಕ್ಕಳನ್ನೂ ನೋಡುತ್ತೇನೆ. ಆಗೆಲ್ಲ ನೆನಪಾಗುವುದು ‘ಸಲಾಂ ಬಾಂಬೆ’.

1988ರ ಆ ಚಿತ್ರಕ್ಕೆ ನಿಮ್ಮ ಇಲಾಖೆಯಡಿಯ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿ ಕೂಡ ಹಣ ಹಾಕಿತ್ತು. ನಿರ್ದೇಶಕಿ ಮೀರಾ ನಾಯರ್‌ಗೆ ಕಾನ್ ಚಿತ್ರೋತ್ಸವದಲ್ಲಿ ಕ್ಯಾಮೆರಾ ದೋರ್ ಪ್ರಶಸ್ತಿ ಬಂತು, ಚಿತ್ರ ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿಗೂ ಹೋಯಿತು. ನಮ್ಮ ಕನ್ನಡದ ನಿರ್ದೇಶಕ ನಾಗಾಭರಣರ ‘ಚಿನ್ನಾರಿ ಮುತ್ತ’ (1993) ಪೇಟೆಗೆ ಓಡಿಬಂದ ಹುಡುಗನನ್ನು ಗೆಲ್ಲಿಸಿ ನೋಡುವವರನ್ನು ಸಂತೈಸುತ್ತದೆ. ‘ಸಲಾಂ ಬಾಂಬೆ’ಯಲ್ಲಿ ಆ ಸಮಾಧಾನವೇ ಇಲ್ಲ. 500 ರೂಪಾಯಿ ಕೂಡಿಸದೆ ಮನೆಗೆ ಬರುವಂತಿಲ್ಲ ಎಂದು ತಾಯಿಯಿಂದ ಹೇಳಿಸಿಕೊಂಡ ಬಾಲಕ ಕೃಷ್ಣ ಚಹಾ ಹಂಚಿ ಕೂಡಿಟ್ಟ ಹಣವನ್ನು ಗೆಳೆಯನೇ ನಶೆಗೆ ಕಳೆಯುತ್ತಾನೆ.

ಕೃಷ್ಣನಾಗಿ ನಟಿಸಿದ ಶಫೀಕ್ ಸೈಯದ್ ಬೆಂಗಳೂರಿನವರು. ಮನೆ ಬಿಟ್ಟು ಮುಂಬೈಗೆ ಹೋಗಿ ಬೀದಿಯಲ್ಲಿ ಬದುಕುತ್ತಿದ್ದ ಹುಡುಗ. ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದ ಮೇಲೂ ಚಿತ್ರರಂಗ ಅವರನ್ನು ಉಳಿಸಿಕೊಳ್ಳಲಿಲ್ಲ. ಬೆಂಗಳೂರಿಗೆ ಮರಳಿ ಆಟೋ ಓಡಿಸಿ ಸಂಸಾರ ಸಾಕಿದರು. ಆಟೋ ಓಡಿಸುವುದು ಮರ್ಯಾದೆಯ ದುಡಿಮೆ. ಆ ಬಗ್ಗೆ ನನ್ನ ತಕರಾರಿಲ್ಲ. ಪ್ರಶಸ್ತಿ ಕೊಟ್ಟ ಸರ್ಕಾರ ಆ ಹುಡುಗನಿಗೆ ಓದನ್ನೂ ಕೊಡಬೇಕಿತ್ತು ಎಂಬುದಷ್ಟೇ ನನ್ನ ಮಾತು.

ಚಿತ್ರತಂಡವಂತೂ ಕೈಕಟ್ಟಿ ಕೂರಲಿಲ್ಲ. ಆ ಚಿತ್ರದಿಂದಲೇ ಹುಟ್ಟಿದ ಸಲಾಂ ಬಾಲಕ್ ಟ್ರಸ್ಟ್ ದೆಹಲಿ, ಮುಂಬೈಗಳ ಬೀದಿಮಕ್ಕಳಿಗೆ ಊಟ, ಆಸರೆ, ಶಾಲೆ ಒದಗಿಸುತ್ತ ಬಂದಿದೆ. ಅದು ಒಬ್ಬ ನಿರ್ದೇಶಕಿಯ ಕಾಳಜಿಯಿಂದ ಆದದ್ದು, ಸರ್ಕಾರ ಹಾಕಿದ ಷರತ್ತಿನಿಂದಲ್ಲ.

ಈಗ ಕಾನೂನಿದೆ ಎನ್ನುತ್ತೀರಿ. ಹೌದು, ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ನಟಿಸುವ ಮಗುವನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಗಳಿಕೆಯ ಶೇ. 20ರಷ್ಟನ್ನಾದರೂ ಅದರ ಹೆಸರಲ್ಲಿ ಠೇವಣಿ ಇಡಬೇಕು, ಹೆತ್ತವರ ಅಥವಾ ಪಾಲಕರ ಒಪ್ಪಿಗೆ ಬೇಕು, ಓದು ನಿಲ್ಲಬಾರದು. ಇವೆಲ್ಲ ಮನೆಯಿರುವ ಮಗುವನ್ನು ಕಣ್ಣಮುಂದಿಟ್ಟುಕೊಂಡು ಬರೆದ ಮಾತುಗಳು. ಹೆತ್ತವರು ಎಲ್ಲಿದ್ದಾರೋ ಗೊತ್ತಿಲ್ಲದ, ಪಾಲಕರೂ ಇಲ್ಲದ ಮಗುವಿನ ಪರವಾಗಿ ಸಹಿ ಯಾರು ಹಾಕಬೇಕು? ಶುರುವೇ ಆಗದ ಓದು ನಿಲ್ಲುವುದಾದರೂ ಹೇಗೆ? ಶೂಟಿಂಗ್ ಮುಗಿದ ಮರುದಿನ ಆ ಮಗು ಯಾರ ಹೊಣೆ?

ಆದ್ದರಿಂದ ಎನ್‌ಎಫ್‌ಡಿಸಿ ಹಣ ಹಾಕುವ ಪ್ರತಿ ಒಪ್ಪಂದಕ್ಕೂ ಒಂದು ಷರತ್ತು ಸೇರಿಸಿ: ಬೀದಿಯಿಂದ ಕರೆತಂದು ನಟನೆಗೆ ಬಳಸಿಕೊಂಡ ಪ್ರತಿ ಮಗುವಿಗೆ 18 ತುಂಬುವವರೆಗೆ ವಸತಿ ಮತ್ತು ಓದಿನ ವೆಚ್ಚ ಚಿತ್ರದ ಬಜೆಟ್‌ನಲ್ಲೇ ಇರಬೇಕು. ಚಿತ್ರ ಮುಂದೆ ಗಳಿಸುವ ಹಣದಲ್ಲೂ ಆ ಮಗುವಿಗೆ ಪಾಲಿರಬೇಕು. ಇದಕ್ಕೆ ಸಂಸತ್ತಿನ ಹೊಸ ಕಾಯ್ದೆ ಬೇಕಿಲ್ಲ. ನಿಮ್ಮದೊಂದು ಆದೇಶ ಸಾಕು, ದಯವಿಟ್ಟು ಹೊರಡಿಸಿ.

ಇತಿ,
ಲೋಧಿ ಕಾಲೋನಿಯ ಒಬ್ಬ ಕನ್ನಡಿಗ