ಕಣ್ಣೀರಿಗೆ ಹಾರ್ನ್ ಯಾಕೆ?

ಗುಡ್ ಫ್ರೈಡೇ ದಿನ ಶಿಲುಬೆಯ ಮೆರವಣಿಗೆ ರಸ್ತೆಗಿಳಿಯುವ ಕರಾವಳಿಯ ಯಾವ ಪೇಟೆಗಾದರೂ ಹೋಗಿ ನಿಂತು ನೋಡಿ. ಬ್ಯಾಂಡಿಲ್ಲ, ಗರ್ನಾಲಿಲ್ಲ. ಇಗರ್ಜಿಯ ಗಂಟೆಗೂ ಅವತ್ತು ಬಾಯಿಲ್ಲ. ಹೆಗಲ ಮೇಲೆ ಮರದ ಶಿಲುಬೆ ಹೊತ್ತವರು ಮುಂದೆ, ಎರಡು ಸಾಲಿನಲ್ಲಿ ಜನ ಹಿಂದೆ. ತಲೆಗೆ ಸೆರಗು ಹೊದ್ದ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾ ನಡೆಯುತ್ತಾರೆ. ಮುದುಕಿಯರು ಮಾತ್ರ ಅಂತಲ್ಲ. ನಿನ್ನೆ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂತು ಎಂಟಾಣೆ ಬಿಡದೆ ಲೆಕ್ಕ ಹಾಕಿದ ಗಟ್ಟಿ ಆಸಾಮಿಯೂ ಕರ್ಚೀಫು ತೆಗೆಯುತ್ತಾನೆ.

ಅವರ ಬೆನ್ನಿಗೇ ಬಸ್ಸು. ಪೋಂ ಪೋಂ ಅಂತ ಹಾರ್ನ್. ಪಾಪ, ಡ್ರೈವರಿಗೆ ಟೈಮಿಂಗಿನ ಚಿಂತೆ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಬಂದು ಕಾಲರ್ ಹಿಡಿಯುತ್ತಾನೆ. ಅದು ಬೇರೆ ಮಾತು. ಆದರೆ ಕಿಟಕಿ ಪಕ್ಕ ಕೂತ ಮಹಾಶಯರಿಗೆ ಏನಾಗಿರುತ್ತೆ? ‘ಎರಡು ಸಾವಿರ ವರ್ಷದ ಹಿಂದೆ ಸತ್ತವನಿಗೆ ಇವತ್ತು ಅಳೋದಂತೆ, ನೋಡಿ ಸ್ವಾಮಿ!’ ಅಂತ ಒಬ್ಬರು. ‘ಎಲ್ಲ ಆಕ್ಟಿಂಗು’ ಅಂತ ಇನ್ನೊಬ್ಬರು. ಇಡೀ ಬಸ್ಸಿಗೇ ನಗು.

ಹೀಗೆ ನಗುವವರು ತಾವು ಎಂದೂ ಅತ್ತೇ ಇಲ್ಲವೇ? ಬಯಲಾಟದಲ್ಲಿ ಹರಿಶ್ಚಂದ್ರನ ಪ್ರಸಂಗ ಬಂದಾಗ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಚಂದ್ರಮತಿಯ ಹತ್ತಿರ ಗಂಡನೇ ಸುಡುಗಾಡಿನ ತೆರಿಗೆ ಕೇಳುವಾಗ, ಗದ್ದೆಯಲ್ಲಿ ಕೂತ ಎಷ್ಟು ಮಂದಿ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡಿಲ್ಲ? 1965ರಲ್ಲಿ ರಾಜಕುಮಾರ್ ಅದೇ ಕತೆಯನ್ನು ಸಿನಿಮಾದಲ್ಲಿ ಮಾಡಿದಾಗ ಟಾಕೀಸುಗಳು ಒದ್ದೆಯಾದವು. ಹರಿಶ್ಚಂದ್ರ ಯಾವ ಇಸವಿಯವನು ಅಂತ ಟಿಕೆಟ್ ಕೊಳ್ಳುವಾಗ ಯಾರೂ ಕೇಳಲಿಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಮಡಿದ ಹುಸೇನರ ಪದಗಳನ್ನು ಲಿಂಗಾಯತರೂ ಕುರುಬರೂ ಕನ್ನಡದಲ್ಲೇ ಹಾಡುತ್ತಾರೆ. ಪರರ ಸಂಕಟಕ್ಕೆ ಅಳುವ ಅಭ್ಯಾಸ ಈ ನಾಡಿಗೆ ಹೊಸದಲ್ಲ. ಯೇಸುವಿನ ಸರದಿ ಬಂದಾಗ ಮಾತ್ರ ‘ಆಕ್ಟಿಂಗು’ ಅನ್ನುವುದು ಯಾವ ನ್ಯಾಯ?

ಕ್ರೈಸ್ತರ ದೇವರಿಗೆ ಕ್ರೈಸ್ತರು ಅಳಲಿ, ಮಿಕ್ಕವರಿಗೇನು ಅನ್ನುವವರಿಗೂ ಒಂದು ಮಾತು. ಮಂಜೇಶ್ವರದ ಗೋವಿಂದ ಪೈಗಳು ಎಲ್ಲಿಯ ಪಾದ್ರಿ? ಗೌಡ ಸಾರಸ್ವತ ಮನೆತನದವರು. 1883ರಲ್ಲಿ ಹುಟ್ಟಿದವರು. ಆ ಮನುಷ್ಯ ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಅಂತ ಒಂದು ಖಂಡಕಾವ್ಯವನ್ನೇ ಬರೆದರು. ಗೊಲ್ಗೊಥಾ ಅಂದರೆ ತಲೆಬುರುಡೆಯ ಜಾಗ, ಶಿಲುಬೆಗೇರಿಸಿದ ದಿಬ್ಬದ ಹೆಸರು. ಬುದ್ಧನ ಕೊನೆಯ ದಿನದ ಮೇಲೆ ‘ವೈಶಾಖಿ’ ಬರೆದವರೂ ಅವರೇ. ಕೃಷ್ಣಮಠದ ಸೀಮೆಗೆ ಇಷ್ಟು ಹತ್ತಿರ ಕೂತು, ನಜರೇತಿನ ಒಬ್ಬ ಬಡಗಿಯ ಮಗನ ಸಾವಿಗೆ ಕನ್ನಡದಲ್ಲಿ ಮರುಗಿದರು ಅಂತ ಅವರಿಗೆ ಯಾರೂ ಬಹಿಷ್ಕಾರ ಹಾಕಲಿಲ್ಲ. ಬದಲಿಗೆ 1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಅಂತ ಕರೆಯಿತು. 1978ರಲ್ಲಿ ಬಂದ ತೆಲುಗಿನ ‘ಕರುಣಾಮಯುಡು’ ಚಿತ್ರದ ಕತೆಯೂ ಹೀಗೇ. ಹಳ್ಳಿಹಳ್ಳಿಯಲ್ಲಿ ಬಿಳಿ ಪರದೆ ಕಟ್ಟಿ ತೋರಿಸಿದರು, ಹಲವು ಭಾಷೆಗೆ ಡಬ್ ಮಾಡಿದರು, ನೆಲದಲ್ಲಿ ಕೂತ ಜನ ಜಾತಿ ನೋಡದೆ ಅತ್ತರು. ಅದರಲ್ಲಿ ಯೇಸುವಾದ ನಟ ವಿಜಯಚಂದರ್ ಮುಂದೆ ಶಿರಡಿ ಬಾಬಾನೂ ಆದರು. ಜನ ಅದಕ್ಕೂ ಕೈಮುಗಿದರು.

ಅಷ್ಟಕ್ಕೂ ಈ ಸಾವಿನಲ್ಲಿ ಅಳಿಸುವಂಥದ್ದು ಏನಿದೆ? ಮೊಳೆ, ರಕ್ತ ಅಂತಲೇ ಎಲ್ಲರೂ ಹೇಳುತ್ತಾರೆ. ಮೊಳೆ ಹೊಡೆಸಿಕೊಂಡವನು ಯೇಸು ಒಬ್ಬನೇ ಅಲ್ಲ. ಶಿಲುಬೆ ಅನ್ನುವುದು ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಇಟ್ಟಿದ್ದ ಶಿಕ್ಷೆ. ದಾರಿಹೋಕರೆಲ್ಲ ನೋಡಲಿ, ಹೆದರಲಿ ಅಂತ ಹೆದ್ದಾರಿ ಬದಿಯಲ್ಲೇ ನೆಡುತ್ತಿದ್ದರು. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸನ ದಂಗೆ ಮುರಿದಾಗ ರೋಮಿಗೆ ಹೋಗುವ ದಾರಿಯುದ್ದಕ್ಕೂ 6000 ಮಂದಿಯನ್ನು ತೂಗುಹಾಕಿದರು. ಅವರಿಗಾಗಿ ಯಾರು ಅತ್ತರೋ, ಒಬ್ಬನ ಹೆಸರೂ ಉಳಿಯಲಿಲ್ಲ.

ಯೇಸುವಿನ ಕತೆಯಲ್ಲಿ ಕರುಳು ಹಿಂಡುವುದು ಮೊಳೆಗಿಂತ ಮೊದಲು ನಡೆದದ್ದು. ರಾತ್ರಿ ಒಟ್ಟಿಗೆ ಕೂತು ಉಂಡವನೇ ಮುತ್ತಿಟ್ಟು ಹಿಡಿದುಕೊಡುತ್ತಾನೆ. ಜೊತೆಗೆ ಎಚ್ಚರವಾಗಿರಿ ಅಂದರೆ ಶಿಷ್ಯರು ನಿದ್ದೆಹೋಗುತ್ತಾರೆ. ಪ್ರಾಣ ಹೋದರೂ ಬಿಡೆನು ಅಂದಿದ್ದ ಪೇತ್ರ, ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ಒಬ್ಬ ಕೆಲಸದ ಹುಡುಗಿಯ ಪ್ರಶ್ನೆಗೆ ಬೆದರಿ ಆ ಮನುಷ್ಯನ ಗುರುತೇ ಇಲ್ಲ ಅನ್ನುತ್ತಾನೆ. ಮೂರು ಸಲ. ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಪೇಟೆಯಲ್ಲಿ ಇಂಥ ಪೇತ್ರರಿಗೆ ಬರವೇ? ಜೊತೆಗಿದ್ದವನು ಸಾಲದಲ್ಲೋ ಕೇಸಿನಲ್ಲೋ ಸಿಕ್ಕಿಬಿದ್ದ ದಿನ ‘ನಮಗೂ ಅವನಿಗೂ ಏನೂ ಸಂಬಂಧ ಇಲ್ಲ ಮಾರಾಯ್ರೆ’ ಅನ್ನದ ಅಂಗಡಿ ಬೀದಿ ಯಾವುದಿದೆ?

ಇನ್ನೊಂದು ವಿಷಯ ಗಮನಿಸಬೇಕು. ಶಿಲುಬೆ ಹಾದಿಯಲ್ಲಿ ಹದಿನಾಲ್ಕು ನಿಲ್ದಾಣ. ಆರನೆಯದರಲ್ಲಿ ವೆರೋನಿಕಾ ಅನ್ನುವ ಹೆಂಗಸು ಗುಂಪು ಸೀಳಿಕೊಂಡು ಬಂದು ಯೇಸುವಿನ ಮುಖದ ಬೆವರು, ರಕ್ತ ಒರೆಸುತ್ತಾಳೆ. ಬೈಬಲಿನ ನಾಲ್ಕು ಸುವಾರ್ತೆ ಹುಡುಕಿದರೂ ಈ ಹೆಂಗಸು ಸಿಗುವುದಿಲ್ಲ! ಜನರೇ ತಂದು ನಿಲ್ಲಿಸಿದ ಪಾತ್ರ. ಅಷ್ಟು ದೂರ ನಡೆದವನ ಮುಖ ಒರೆಸಲು ಒಬ್ಬರೂ ಇರಲಿಲ್ಲ ಅನ್ನುವುದು ಜನಕ್ಕೆ ಸಹಿಸಲಾಗಲಿಲ್ಲ ಅಂತ ಕಾಣುತ್ತೆ. ಅವರ ಕೈಯಲ್ಲಿ ಒಂದು ಬಟ್ಟೆ ಕೊಟ್ಟು ಕಳಿಸಿದರು.

ಇಷ್ಟು ಹೇಳಿದ ಮೇಲೆ ಅಳುವವರಿಗೂ ಒಂದೆರಡು ಕಟುಮಾತು ಹೇಳಲೇಬೇಕು. ಈ ಕಣ್ಣೀರಿಗೆ ಒಂದು ಕೆಟ್ಟ ಚರಿತ್ರೆಯೂ ಇದೆ. ಮಧ್ಯಯುಗದ ಯೂರೋಪಿನಲ್ಲಿ ಗುಡ್ ಫ್ರೈಡೇ ಪ್ರಸಂಗ ಕೇಳಿ ಅತ್ತು ಹೊರಬಂದ ಜನ, ‘ಕೊಂದವರು ಇವರೇ’ ಅಂತ ಯಹೂದಿಗಳ ಕೇರಿಗೆ ಕಲ್ಲು ಹೊತ್ತು ಹೋದದ್ದುಂಟು. ಮನೆ ಸುಟ್ಟದ್ದುಂಟು. ಯೇಸು, ಅವನ ತಾಯಿ, ಶಿಷ್ಯರು ಎಲ್ಲರೂ ಯಹೂದಿಗಳೇ, ಮೊಳೆ ಹೊಡೆದವರು ರೋಮನ್ ಸಿಪಾಯಿಗಳು ಅನ್ನುವುದು ಆವೇಶದಲ್ಲಿ ಯಾರಿಗೆ ನೆನಪಿರುತ್ತೆ? ಜರ್ಮನಿಯ ಓಬರಾಮರ್‌ಗೌ ಹಳ್ಳಿಯವರು ಪ್ಲೇಗಿನ ಕಾಲದಲ್ಲಿ ಹೊತ್ತ ಹರಕೆಗಾಗಿ 1634ರಿಂದ ಯೇಸುವಿನ ಯಾತನೆಯ ನಾಟಕ ಆಡುತ್ತಾ ಬಂದಿದ್ದಾರೆ. 1934ರಲ್ಲಿ ಅದನ್ನು ನೋಡಲು ಹಿಟ್ಲರ್ ಬಂದಿದ್ದ. ಮೆಚ್ಚಿಕೊಂಡ. ಅವನಿಗೆ ಮೆಚ್ಚಿಗೆಯಾದದ್ದು ಯೇಸುವಿನ ಕರುಣೆಯಲ್ಲ, ನಾಟಕದಲ್ಲಿ ಯಹೂದಿಗಳನ್ನು ತೋರಿಸಿದ ಬಗೆ. ಅಂತೂ 1965ರಲ್ಲಿ ವ್ಯಾಟಿಕನ್ ಮಹಾಸಭೆ, ಆ ಸಾವಿನ ತಪ್ಪನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದು ಅಂತ ಲಿಖಿತದಲ್ಲೇ ಸಾರಿತು. ಅಷ್ಟು ಹೊತ್ತಿಗೆ ಲಕ್ಷಗಟ್ಟಲೆ ಮಂದಿ ಬೂದಿಯಾಗಿದ್ದರು. ಓಬರಾಮರ್‌ಗೌನವರೂ ಈಚಿನ ದಶಕಗಳಲ್ಲಿ ನಾಟಕದ ಮಾತುಗಳನ್ನು ತಿದ್ದಿಕೊಂಡಿದ್ದಾರೆ.

ಇದು ದೂರದ ಕತೆ ಅಂತ ಈ ಜಿಲ್ಲೆಯವರು ಕೈತೊಳೆದುಕೊಳ್ಳುವಂತಿಲ್ಲ. ತಮ್ಮ ದೇವರಿಗೆ ನೋವಾಯಿತು ಅಂತ ಮೊದಲು ಕಣ್ಣು ಒದ್ದೆಯಾಗುವುದು, ಆಮೇಲೆ ಪಕ್ಕದ ಕೇರಿಯವನ ಅಂಗಡಿಯ ಗಾಜು ಒಡೆಯುವುದು, ಇದು ಇಲ್ಲಿನ ಎಲ್ಲ ಮತದವರೂ ನೋಡಿದ ಆಟವೇ. ಷಟರ್ ಎಳೆದು ಒಳಗೆ ಉಸಿರು ಬಿಗಿಹಿಡಿದು ಕೂತ ವರ್ತಕರನ್ನು ಕೇಳಿ, ಹೇಳುತ್ತಾರೆ.

ಹೆಂಗಸರು ಎದೆಬಡಿದುಕೊಂಡು ಹಿಂದೆ ಬರುವಾಗ ಸ್ವತಃ ಯೇಸುವೇ ತಿರುಗಿ, ತನಗಾಗಿ ಅಳುವುದು ಬೇಡ, ನಿಮಗಾಗಿ, ನಿಮ್ಮ ಮಕ್ಕಳಿಗಾಗಿ ಅಳಿ ಅಂತ ಹೇಳಿದ್ದಾನೆ. ಲೂಕನ ಸುವಾರ್ತೆಯಲ್ಲಿದೆ. ಆ ಬೀದಿಯಲ್ಲಿ ಅವತ್ತು ನಿಜವಾಗಿ ಉಪಯೋಗಕ್ಕೆ ಬಂದವನು ಕುರೇನ್ಯದ ಸೀಮೋನ. ಅವನು ಶಿಷ್ಯನಲ್ಲ, ಭಕ್ತನಲ್ಲ. ಹಳ್ಳಿಯ ಕಡೆಯಿಂದ ಪೇಟೆಗೆ ಬರುತ್ತಿದ್ದವನು, ಈಗಿನ ಲೆಕ್ಕದಲ್ಲಿ ಬೆಳಗಿನ ಬಸ್ಸಿನ ಪ್ರಯಾಣಿಕ ಅನ್ನಿ. ಏನು ಗಲಾಟೆ ಅಂತ ನೋಡಲು ನಿಂತನೋ ಏನೋ, ಸಿಪಾಯಿಗಳು ಹಿಡಿದೆಳೆದು ಶಿಲುಬೆ ಹೊರಿಸಿದರು. ಅವನು ಅತ್ತ ಅಂತ ಎಲ್ಲೂ ಬರೆದಿಲ್ಲ. ಅವನ ಹೆಗಲು ತರಚಿತು, ಅವತ್ತಿನ ಕೆಲಸವೂ ಕೆಟ್ಟಿರಬೇಕು. ಪುಣ್ಯಕ್ಕೆ ಸುವಾರ್ತೆಯಲ್ಲಿ ಅವನ ಇಬ್ಬರು ಮಕ್ಕಳ ಹೆಸರೂ ಉಳಿದಿದೆ.

ಈಗ ರಸ್ತೆಯ ವಿಷಯ. ಇಗರ್ಜಿಯ ಸಮಿತಿಯವರು ಮೆರವಣಿಗೆಯ ಹೊತ್ತು, ದಾರಿ ಎರಡನ್ನೂ ನಾಲ್ಕು ದಿನ ಮೊದಲೇ ಪೊಲೀಸ್ ಠಾಣೆಗೂ ಬಸ್ಸು ಮಾಲಕರಿಗೂ ತಿಳಿಸಲಿ. ರಸ್ತೆ ತುಂಬ ಹರಡದೆ ಒಂದು ಬದಿ ಬಿಟ್ಟು ನಡೆಯಲಿ. ಆಸ್ಪತ್ರೆಗೆ ಹೋಗುವ ರಿಕ್ಷಾ ನಿಲ್ಲಿಸಿ ಅಳುವುದು ಯೇಸುವಿಗೂ ಬೇಡ. ಬಸ್ಸಿನವರು ಆ ಒಂದು ತಾಸು ಟೈಮಿಂಗಿನಲ್ಲಿ ಹತ್ತು ನಿಮಿಷ ರಿಯಾಯಿತಿ ಇಟ್ಟುಕೊಂಡು, ಹಾರ್ನಿನ ಮೇಲಿನ ಕೈ ತೆಗೆಯಲಿ. ಶವಯಾತ್ರೆ ಎದುರು ಬಂದರೆ ಇದೇ ಡ್ರೈವರುಗಳು ಬದಿಗೆ ನಿಲ್ಲಿಸುವುದಿಲ್ಲವೇ? ಇದೂ ಶವಯಾತ್ರೆಯೇ. ಅಂಗಡಿಯವರು ಬಾಗಿಲು ಮುಚ್ಚಬೇಕಾಗಿಲ್ಲ, ಕ್ಯಾಸೆಟ್ಟು ರೇಡಿಯೋ ಮೊಬೈಲು ಏನಿದೆಯೋ ಅದರ ಕಿವಿ ಸ್ವಲ್ಪ ತಿರುಗಿಸಿದರೆ ಸಾಕು. ಏಪ್ರಿಲ್ ಆಸುಪಾಸಿನ ಬಿಸಿಲು, ಉಪವಾಸದ ಮುದುಕಿಯರು. ಮೆಟ್ಟಿಲ ಬಳಿ ಒಂದು ಕೊಡ ನೀರು, ಎರಡು ಲೋಟ ಇಟ್ಟರೆ ಯಾವ ಮತದ ಅಂಗಡಿಗೂ ನಷ್ಟವಿಲ್ಲ.